ಓದುಗರ ಪ್ರಶ್ನೆ: ಬರ್ಮಾದ ಕಲಹ, ನೆರೆಯವರ ಪಾಡು

ಮ್ಯಾನ್ಮಾರ್‌ನಲ್ಲಿ 2021ರ ಫೆಬ್ರುವರಿ 1ರಂದು ಸೇನೆ ದಂಗೆಯೆದ್ದು ಚುನಾಯಿತ ನಾಯಕರನ್ನು ಬಂಧಿಸಿ ಅಧಿಕಾರ ಹಿಡಿಯಿತು. ಬೀದಿಯಲ್ಲಿ ಪಾತ್ರೆ ಬಡಿದು ಆರಂಭವಾದ ಪ್ರತಿಭಟನೆ ಕೆಲವೇ ತಿಂಗಳಲ್ಲಿ ಅಂತರ್ಯುದ್ಧವಾಯಿತು. ಆ ದೇಶದ ಗಡಿಗೆ ಭಾರತ, ಬಾಂಗ್ಲಾದೇಶ, ಚೀನಾ, ಲಾವೋಸ್, ಥಾಯ್ಲೆಂಡ್ ಹೊಂದಿಕೊಂಡಿವೆ. ಈ ಕಲಹ ನೆರೆಯವರ ಬದುಕನ್ನು ಹೇಗೆ ಮುಟ್ಟಿದೆ ಎಂಬ ಬಗ್ಗೆ ಬಂದ ಪತ್ರಗಳಲ್ಲಿ ಏಳನ್ನು ಆರಿಸಿ ಉತ್ತರಿಸಿದ್ದೇವೆ. ಹಲವು ಓದುಗರು ‘ಬರ್ಮಾ’ ಎಂದೇ ಬರೆದಿದ್ದಾರೆ. ನಾವೂ ಎರಡು ಹೆಸರನ್ನೂ ಬಳಸಿದ್ದೇವೆ.

ಪ್ರಶ್ನೆ: ನಾನು ತೊಗರಿ ಬೆಳೆಗಾರ. ಬರ್ಮಾದಿಂದ ತೊಗರಿ ಬರುತ್ತದೆ ಎಂದು ಎಪಿಎಂಸಿಯಲ್ಲಿ ಪ್ರತಿವರ್ಷ ಕೇಳುತ್ತೇನೆ. ಅಲ್ಲಿ ಯುದ್ಧ ನಡೆದರೆ ಆಮದು ನಿಂತು ನಮ್ಮ ಮಾಲಿಗೆ ದರ ಏರಬೇಕಲ್ಲವೇ? 2025ರ ಆರಂಭದಲ್ಲಿ ಬೆಂಬಲ ಬೆಲೆಯೂ ಸಿಗದೆ ಮಾರಿದೆವು. ಇದು ಹೇಗೆ?
– ಕಲಬುರಗಿ ಜಿಲ್ಲೆಯ ರೈತರೊಬ್ಬರು

ಉತ್ತರ: ನಿಮ್ಮ ತರ್ಕದಲ್ಲಿ ತಪ್ಪಿಲ್ಲ, ಆದರೆ ಬರ್ಮಾದ ರೈತನ ಕಡೆಯಿಂದಲೂ ಒಮ್ಮೆ ನೋಡಬೇಕು. ಅಲ್ಲಿ ತೊಗರಿ ಬೆಳೆಯುವುದು ಬಹುಮಟ್ಟಿಗೆ ಸಾಗಯಿಂಗ್, ಮಗ್ವೆ ಮತ್ತು ಮಂಡಲೆ ಪ್ರಾಂತ್ಯಗಳ ಒಣಭೂಮಿಯಲ್ಲಿ. ಸೇನೆಯ ವಿರುದ್ಧದ ಹೋರಾಟ ತೀವ್ರವಾಗಿರುವ ಪ್ರದೇಶಗಳಲ್ಲಿ ಸಾಗಯಿಂಗ್ ಮತ್ತು ಮಗ್ವೆ ಮುಂಚೂಣಿಯಲ್ಲಿವೆ. ಸುಟ್ಟ ಹಳ್ಳಿಗಳ ಸುದ್ದಿ ಹೆಚ್ಚಾಗಿ ಬರುವುದೂ ಅಲ್ಲಿಂದಲೇ. ಹೀಗಿದ್ದರೂ ಬಿತ್ತನೆ ನಿಲ್ಲಲಿಲ್ಲ. ತೊಗರಿ, ಉದ್ದು ಅವರ ನಿತ್ಯದ ಊಟದ ಕಾಳುಗಳಲ್ಲ, ಬಹುಪಾಲು ಭಾರತಕ್ಕೆಂದೇ ಬೆಳೆಯುವ ಕಾಳುಗಳು. ದಂಗೆಗೆ ಮುಂಚೆ ಒಂದು ಡಾಲರಿಗೆ ಸುಮಾರು 1,330 ಇದ್ದ ಅಲ್ಲಿನ ನಾಣ್ಯ ‘ಕ್ಯಾಟ್’, 2024ರಲ್ಲಿ ಹೊರಮಾರುಕಟ್ಟೆಯಲ್ಲಿ 4,000 ದಾಟಿತು. ಕೈಯಲ್ಲಿರುವ ನೋಟು ದಿನದಿನಕ್ಕೆ ಕರಗುವ ನಾಡಿನಲ್ಲಿ, ಹೊರದೇಶದವರು ಡಾಲರ್ ಕೊಟ್ಟು ಕೊಳ್ಳುವ ಬೆಳೆಯನ್ನು ರೈತ ಬಿಡುವುದಿಲ್ಲ, ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ. ಆದರೆ ರಫ್ತಿನಿಂದ ಬಂದ ಡಾಲರಿನ ಒಂದು ಭಾಗವನ್ನು ಸರ್ಕಾರ ಗೊತ್ತುಪಡಿಸಿದ ಕಡಿಮೆ ದರಕ್ಕೇ ಬದಲಾಯಿಸಿಕೊಳ್ಳಬೇಕೆಂದು ಸೇನಾ ಆಡಳಿತ ನಿಯಮ ಮಾಡಿತು. ವ್ಯಾಪಾರಿ ಆ ನಷ್ಟವನ್ನು ಕಾಳಿನ ಖರೀದಿ ದರದಲ್ಲೇ ಹಿಡಿದುಕೊಂಡದ್ದರಿಂದ ಯುದ್ಧದ ತೆರಿಗೆ ಕೊನೆಗೆ ಬಿದ್ದದ್ದು ಹೊಲದವನ ಮೇಲೆ.

ಈಗ ನಮ್ಮ ಕಡೆಯ ಲೆಕ್ಕ. ದಂಗೆಯಾದ ನಾಲ್ಕೇ ತಿಂಗಳಿಗೆ, ಅಂದರೆ 2021ರ ಜೂನ್‌ನಲ್ಲಿ, ಭಾರತ ಸರ್ಕಾರ ಮ್ಯಾನ್ಮಾರ್‌ನೊಂದಿಗೆ ಐದು ವರ್ಷಗಳ ಒಪ್ಪಂದ ಮಾಡಿಕೊಂಡು, ವರ್ಷಕ್ಕೆ 2.5 ಲಕ್ಷ ಟನ್ ಉದ್ದು ಮತ್ತು 1 ಲಕ್ಷ ಟನ್ ತೊಗರಿಯ ಆಮದಿಗೆ ದಾರಿ ಮಾಡಿತು. ಮೊಜಾಂಬಿಕ್‌ನಿಂದ 2 ಲಕ್ಷ ಟನ್ ಮತ್ತು ಮಲಾವಿಯಿಂದ 50,000 ಟನ್ ತೊಗರಿಗೂ ಇಂಥದೇ ಒಪ್ಪಂದಗಳಾದವು. ತೊಗರಿಯ ಸುಂಕರಹಿತ ಆಮದಿನ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಲಾಯಿತು; 2023ರ ಡಿಸೆಂಬರ್‌ನಿಂದ ಹಳದಿ ಬಟಾಣಿಗೂ ಸುಂಕ ತೆಗೆದರು. ನಿಮ್ಮ ಭಾಗದಲ್ಲಿ 2022ರ ನೆಟೆ ರೋಗ ಮತ್ತು 2023ರ ಬರದಿಂದ ಇಳುವರಿ ಕುಸಿದಾಗ ದರ ಕ್ವಿಂಟಲ್‌ಗೆ 10,000 ರೂಪಾಯಿ ದಾಟಿದ್ದನ್ನು ನೀವು ನೋಡಿದ್ದೀರಿ. ಮುಂದಿನ ಬೆಳೆ ಚೆನ್ನಾಗಿ ಬಂದಾಗಲೂ ಆಮದಿನ ಬಾಗಿಲು ತೆರೆದೇ ಇತ್ತು. 7,550 ರೂಪಾಯಿಯ ಬೆಂಬಲ ಬೆಲೆಗಿಂತ ದರ ಕೆಳಗಿಳಿಯಿತು. ಹೀಗಾಗಿ ನಿಮ್ಮ ಮಾಲಿನ ದರದ ವಿಷಯದಲ್ಲಿ ಸಾಗಯಿಂಗ್‌ನ ಗುಂಡಿನ ಸದ್ದಿಗಿಂತ ದೆಹಲಿಯ ಅಧಿಸೂಚನೆಗೇ ಹೆಚ್ಚಿನ ಬಲವಿದೆ.

ಪ್ರಶ್ನೆ: ‘ಬರ್ಮಾ ಅಡಿಕೆ’ ಕಳ್ಳದಾರಿಯಲ್ಲಿ ಬಂದು ನಮ್ಮ ಅಡಿಕೆಯ ದರ ಇಳಿಸುತ್ತಿದೆ ಎಂಬ ಮಾತು ಮಲೆನಾಡಿನಲ್ಲಿ ಎಲ್ಲೆಡೆ ಇದೆ. ಇದಕ್ಕೂ ಅಲ್ಲಿಯ ಅಂತರ್ಯುದ್ಧಕ್ಕೂ ಸಂಬಂಧವಿದೆಯೇ?
– ಶಿರಸಿಯಿಂದ ಒಬ್ಬ ಓದುಗರು

ಉತ್ತರ: ಸ್ವಲ್ಪ ಇದೆ, ಜನ ಹೇಳುವಷ್ಟು ಇಲ್ಲ. ಈ ಕಳ್ಳಸಾಗಣೆ ದಂಗೆಗೂ ಮುಂಚಿನದು. ‘ಬರ್ಮಾ ಅಡಿಕೆ’ ಎಂಬ ಹೆಸರಿನಲ್ಲಿ ಬರುವುದರಲ್ಲಿ ಇಂಡೊನೇಷ್ಯಾದಿಂದ ಬರ್ಮಾಕ್ಕೆ ಬಂದು ಅಲ್ಲಿಂದ ಗಡಿ ದಾಟುವ ಮಾಲೂ ಇದೆ. ಅಡಿಕೆಗೆ ಭಾರತ ಹೆಚ್ಚಿನ ಆಮದು ಸುಂಕ ಹಾಕಿದೆ. ಅದರ ಮೇಲೆ ಕಿಲೋಗೆ 251 ರೂಪಾಯಿ ಇದ್ದ ಕನಿಷ್ಠ ಆಮದು ಬೆಲೆಯನ್ನು (ಇದಕ್ಕಿಂತ ಅಗ್ಗದ ಮಾಲನ್ನು ತರಿಸುವಂತಿಲ್ಲ) 2023ರ ಫೆಬ್ರುವರಿಯಲ್ಲಿ 351 ರೂಪಾಯಿಗೆ ಏರಿಸಿತು. ಆಚೆಯ ದರಕ್ಕೂ ಈಚೆಯ ದರಕ್ಕೂ ಅಂತರ ಎಷ್ಟು ದೊಡ್ಡದೋ ಕಳ್ಳಸಾಗಣೆಯ ಕೂಲಿಯೂ ಅಷ್ಟು ದೊಡ್ಡದು.

ಯುದ್ಧದಿಂದ ಬದಲಾದದ್ದು ಕಾವಲು. ಮಿಜೋರಾಂನ ಚಂಫಾಯಿ ಜಿಲ್ಲೆಯ ಜೋಖಾವ್ತಾರ್ ಗಡಿಹಳ್ಳಿಯ ಎದುರಿಗಿರುವ ರಿಖಾವ್ದಾರ್ ಪಟ್ಟಣ 2023ರ ನವೆಂಬರ್‌ನಲ್ಲಿ ಸೇನೆಯ ವಿರುದ್ಧ ಹೋರಾಡುವ, ಬರ್ಮಾದ ಚಿನ್ ಜನಾಂಗದ ಸಶಸ್ತ್ರ ಗುಂಪುಗಳ ವಶವಾಯಿತು. ಸರ್ಕಾರದ ಸುಂಕದ ಕಟ್ಟೆ ಹೋದಲ್ಲಿ ಬಂದೂಕು ಹಿಡಿದವರ ಕಟ್ಟೆ ಬರುತ್ತದೆ. ಅವರಿಗೆ ಹೋರಾಟಕ್ಕೆ ಹಣ ಬೇಕು, ಮಾಲು ಏನೆಂಬುದು ಮುಖ್ಯವಲ್ಲ. ಅಡಿಕೆ ಹೋಗುವ ದಾರಿಯಲ್ಲಿ ಮಾದಕವಸ್ತುವೂ ಹೋಗುತ್ತದೆ. 2023ರಲ್ಲಿ ಸುಮಾರು 1,080 ಟನ್ ಅಫೀಮು ಬೆಳೆದು ಮ್ಯಾನ್ಮಾರ್ ಅಫ್ಗಾನಿಸ್ತಾನವನ್ನು ಹಿಂದಿಕ್ಕಿತು ಎಂದು ವಿಶ್ವಸಂಸ್ಥೆಯ ಮಾದಕವಸ್ತು ಕಚೇರಿ ಅಂದಾಜಿಸಿದೆ. ಅಫ್ಗಾನಿಸ್ತಾನದಲ್ಲಿ ತಾಲಿಬಾನ್ ನಿಷೇಧ ಹೇರಿದ್ದೂ ಇದಕ್ಕೆ ಕಾರಣ. ಮಲೆನಾಡಿನಲ್ಲಿ ಯಾರೂ ಹೇಳದ ಇನ್ನೊಂದು ಸಂಗತಿಯೂ ಇದೆ. ಮಿಜೋರಾಂನ ಮಮಿತ್, ಕೊಲಾಸಿಬ್ ಜಿಲ್ಲೆಗಳಲ್ಲಿ ಅಡಿಕೆ ಬೆಳೆಯುವ ಸಣ್ಣ ರೈತರಿದ್ದಾರೆ. ಕಳ್ಳಮಾಲು ತಡೆಯಲೆಂದು ಅಸ್ಸಾಂನಲ್ಲಿ ಅಡಿಕೆ ಲಾರಿಗಳನ್ನು ಹಿಡಿದಾಗ ಅವರ ಸ್ವಂತ ಬೆಳೆಯೂ ಸಿಕ್ಕಿಬಿದ್ದು ಕೊಳೆಯಿತು. ಈ ವಿಷಯದಲ್ಲಿ ನಿಮಗಿಂತ ಮೊದಲು ಪೆಟ್ಟು ತಿಂದವರು ಅವರು.

ಪ್ರಶ್ನೆ: ಕೇಂದ್ರ ಸರ್ಕಾರ ಬೇಡವೆಂದರೂ ಮಿಜೋರಾಂ ಬರ್ಮಾದ ನಿರಾಶ್ರಿತರಿಗೆ ಆಶ್ರಯ ಕೊಟ್ಟಿತು. ಒಂದು ಬಡ, ಸಣ್ಣ ರಾಜ್ಯ ಇದನ್ನು ಹೇಗೆ ತಾಳಿಕೊಂಡಿತು?
– ಧಾರವಾಡದ ಕಾಲೇಜು ಉಪನ್ಯಾಸಕಿಯೊಬ್ಬರು

ಉತ್ತರ: 2021ರ ಮಾರ್ಚ್‌ನಲ್ಲಿ ಕೇಂದ್ರ ಗೃಹ ಸಚಿವಾಲಯವು ನಾಲ್ಕು ಗಡಿ ರಾಜ್ಯಗಳಿಗೆ ಪತ್ರ ಬರೆದು, ಯಾರಿಗೂ ನಿರಾಶ್ರಿತ ಸ್ಥಾನ ಕೊಡುವ ಅಧಿಕಾರ ರಾಜ್ಯಗಳಿಗಿಲ್ಲವೆಂದೂ ಒಳಬರುವವರನ್ನು ತಡೆಯಬೇಕೆಂದೂ ತಿಳಿಸಿತು. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ಆಗಿನ ಮುಖ್ಯಮಂತ್ರಿ ಜೋರಾಂಥಂಗಾ ಅವರು, ಗಡಿ ದಾಟಿ ಬರುತ್ತಿರುವ ಚಿನ್ ಜನ ತಮ್ಮ ರಕ್ತಸಂಬಂಧಿಗಳು, ಅವರ ನೋವಿಗೆ ಬೆನ್ನು ತಿರುಗಿಸಲಾಗದು ಎಂದು ಪ್ರಧಾನಿಗೆ ಬರೆದರು. ಇದರ ಹಿಂದೆ ಒಂದು ಹಳೆಯ ಋಣವೂ ಇದೆ. 1966ರಲ್ಲಿ ಮಿಜೋ ಬಂಡಾಯದ ಸಮಯದಲ್ಲಿ ಐಜ್ವಾಲ್ ಮೇಲೆ ನಮ್ಮದೇ ವಾಯುಪಡೆ ದಾಳಿ ಮಾಡಿದಾಗ, ಮಿಜೋಗಳು ಓಡಿಹೋದ ದಿಕ್ಕುಗಳಲ್ಲಿ ಬರ್ಮಾದ ಚಿನ್ ಬೆಟ್ಟಗಳೂ ಒಂದು. ಜೋರಾಂಥಂಗಾ ಅವರು ಸ್ವತಃ ಆ ಬಂಡಾಯದಲ್ಲಿದ್ದವರು. 2023ರ ಡಿಸೆಂಬರ್‌ನಲ್ಲಿ ಅಧಿಕಾರಕ್ಕೆ ಬಂದ ಲಾಲ್ದುಹೊಮಾ ಸರ್ಕಾರವೂ ಆಶ್ರಯವನ್ನು ಮುಂದುವರಿಸಿತು. ಪಕ್ಷ ಬದಲಾದರೂ ಈ ನಿಲುವು ಬದಲಾಗಲಿಲ್ಲ ಎನ್ನುವುದು ಗಮನಿಸಬೇಕಾದ ಮಾತು.

2011ರ ಜನಗಣತಿಯ ಪ್ರಕಾರ ಮಿಜೋರಾಂನ ಜನಸಂಖ್ಯೆ ಸುಮಾರು 11 ಲಕ್ಷ. ಅಲ್ಲಿಗೆ ಬರ್ಮಾದಿಂದ ಬಂದವರೇ 30,000ಕ್ಕೂ ಹೆಚ್ಚು. ಇವರ ಜೊತೆಗೆ ಬಾಂಗ್ಲಾದೇಶದ ಚಿತ್ತಗಾಂಗ್ ಬೆಟ್ಟಗಳಿಂದ ಬಂದವರು ಮತ್ತು 2023ರ ಹಿಂಸಾಚಾರದ ನಂತರ ಮಣಿಪುರದಿಂದ ಬಂದವರು. ಕರ್ನಾಟಕಕ್ಕೆ ಈ ಪ್ರಮಾಣವನ್ನು ಹೊಂದಿಸಿದರೆ ಸುಮಾರು ಹದಿನೇಳು ಲಕ್ಷ ಜನ ಒಮ್ಮೆಲೇ ಬಂದಂತೆ. ಅನ್ನ, ಬಟ್ಟೆ, ತಗಡಿನ ಸೂರು ಹೊಂದಿಸಿದವರಲ್ಲಿ ಸರ್ಕಾರಕ್ಕಿಂತ ಯಂಗ್ ಮಿಜೋ ಅಸೋಸಿಯೇಷನ್, ಚರ್ಚುಗಳು ಮತ್ತು ಗ್ರಾಮ ಸಮಿತಿಗಳು ಮುಂದಿದ್ದವು. ಮಕ್ಕಳನ್ನು ಸರ್ಕಾರಿ ಶಾಲೆಗಳಿಗೆ ಸೇರಿಸಿಕೊಂಡರು.

ಆದರೆ ಇದನ್ನು ಬರಿಯ ಔದಾರ್ಯದ ಕಥೆಯಾಗಿ ಹೇಳಿದರೆ ಅರ್ಧ ಸತ್ಯ ಮಾತ್ರ ಹೇಳಿದಂತಾಗುತ್ತದೆ. ಬಂದವರಿಗೆ ಕಾನೂನಿನ ಸ್ಥಾನವಿಲ್ಲದ್ದರಿಂದ ಅವರು ಹೊಲಗದ್ದೆ, ಕಟ್ಟಡ, ಮನೆಗೆಲಸಗಳಲ್ಲಿ ಸಿಕ್ಕ ಕೂಲಿಗೆ ದುಡಿಯುತ್ತಾರೆ. ಕೂಲಿ ಕೊಡುವವನಿಗೆ ಇದು ಅನುಕೂಲ, ಸ್ಥಳೀಯ ಕೂಲಿಯವನಿಗೆ ಪೈಪೋಟಿ. ನಿರಾಶ್ರಿತರು ಅನುಮತಿಯಿಲ್ಲದೆ ಅಂಗಡಿ ಇಡಬಾರದೆಂದು ಕೆಲವು ಹಳ್ಳಿಗಳು ಕಟ್ಟುಪಾಡು ಮಾಡಿಕೊಂಡದ್ದೂ ಉಂಟು. ಬಂಧುವಾದರೇನು, ಮನೆಯಲ್ಲಿ ಐದು ವರ್ಷ ಉಳಿದಾಗ ಮಾತು ಬರುತ್ತದೆ. ಅಂಥ ಮಾತುಗಳು ಬಂದ ಮೇಲೂ ಬಾಗಿಲು ಮುಚ್ಚಿಲ್ಲ ಎಂಬುದರಲ್ಲಿ ಮಿಜೋರಾಂನ ದೊಡ್ಡತನವಿದೆ ಎಂದು ನನ್ನ ಭಾವನೆ.

ಪ್ರಶ್ನೆ: ನಾನು ಸೇವೆಯಲ್ಲಿದ್ದಾಗ ಮಣಿಪುರದ ಮೊರೇ ಪೇಟೆ ಗಿಜಿಗುಡುತ್ತಿತ್ತು. ಈಗ ಅಲ್ಲಿ ಬೇಲಿ ಹಾಕುತ್ತಿದ್ದಾರೆ. ಬೇಲಿಯಿಂದ ನಿಜವಾಗಿ ಪ್ರಯೋಜನವಿದೆಯೇ?
– ಮಡಿಕೇರಿಯ ನಿವೃತ್ತ ಯೋಧರೊಬ್ಬರು

ಉತ್ತರ: 1994ರ ಒಪ್ಪಂದದಂತೆ 1995ರಲ್ಲಿ ಗಡಿ ವ್ಯಾಪಾರ ತೆರೆದ ಮೇಲೆ ಮೊರೇ ಬೆಳೆಯಿತು. ಬರ್ಮಾದಿಂದ ಹೊರಬಿದ್ದ ತಮಿಳರು ನೆಲೆನಿಂತು, ಗುಡಿ ಕಟ್ಟಿ, ವ್ಯಾಪಾರ ಬೆಳೆಸಿದ ಊರು ಅದು. ನೀವು ಅಲ್ಲಿ ಇಡ್ಲಿಯನ್ನೂ ತಿಂದಿರಬಹುದು. 2020ರಲ್ಲಿ ಕೊರೊನಾಕ್ಕಾಗಿ ಮುಚ್ಚಿದ ಗಡಿಯ ಹಿಂದೆಯೇ ದಂಗೆ ಬಂತು, 2023ರ ಮೇಯಲ್ಲಿ ಮಣಿಪುರದಲ್ಲಿಯೇ ಹಿಂಸಾಚಾರ ಎದ್ದಿತು. ಈ ಕೊನೆಯದಕ್ಕೂ ಬರ್ಮಾವೇ ಕಾರಣವೆಂದು ಹೇಳುವವರಿದ್ದಾರೆ. ಆಚೆಯಿಂದ ಆಯುಧ ಮತ್ತು ಜನ ಬಂದದ್ದು ಉರಿಗೆ ಗಾಳಿ ಹಾಕಿರಬಹುದು; ಆದರೆ ಭೂಮಿ, ಮೀಸಲಾತಿ, ರಾಜಕಾರಣಗಳ ಸುತ್ತ ನಮ್ಮಲ್ಲೇ ಬೆಳೆದ ಜಗಳವನ್ನು ನೆರೆಯವರ ತಲೆಗೆ ಕಟ್ಟುವುದು ಸುಲಭದ ದಾರಿ, ಸರಿಯಾದ ದಾರಿಯಲ್ಲ.

ಗಡಿಯ ಎರಡೂ ಕಡೆಯ 16 ಕಿಲೋಮೀಟರ್‌ವರೆಗೆ ವೀಸಾ ಇಲ್ಲದೆ ಓಡಾಡಲು ಗಡಿವಾಸಿಗಳಿಗಿದ್ದ ಅವಕಾಶವನ್ನು ರದ್ದುಪಡಿಸುವುದಾಗಿ 2024ರ ಫೆಬ್ರುವರಿಯಲ್ಲಿ ಕೇಂದ್ರ ಪ್ರಕಟಿಸಿತು. ಅದಕ್ಕೆ ವಿರುದ್ಧವಾಗಿ ಮಿಜೋರಾಂ ವಿಧಾನಸಭೆ ನಿರ್ಣಯ ಮಾಡಿತು. 1,643 ಕಿಲೋಮೀಟರ್ ಉದ್ದದ ಬೆಟ್ಟ-ಕಾಡಿನ ಗಡಿಗೆ ಬೇಲಿ ಹಾಕುವುದೆಷ್ಟು ಕಷ್ಟವೆಂದು ಅಲ್ಲಿ ಗಸ್ತು ತಿರುಗಿದ ನಿಮಗೆ ನಾನು ಹೇಳಬೇಕಾಗಿಲ್ಲ. ಆಯುಧದ ಸಾಗಣೆಯನ್ನು ಬೇಲಿ ತುಸು ಕಷ್ಟವಾಗಿಸಬಹುದು. ಸಂತೆಗೆ ಬರುವ ಹೆಂಗಸಿಗೆ ಮಾತ್ರ ಅದು ಸಂಪೂರ್ಣ ತಡೆ.

ದೊಡ್ಡ ಯೋಜನೆಗಳ ಪಾಡೂ ಅಷ್ಟೇ. ಕೋಲ್ಕತ್ತದಿಂದ ಬರ್ಮಾದ ಸಿತ್ವೆ ಬಂದರಿಗೆ, ಅಲ್ಲಿಂದ ಕಲಾದಾನ್ ನದಿಯಲ್ಲಿ ಪಲೆತ್ವಾಕ್ಕೆ, ಮುಂದೆ ರಸ್ತೆಯಲ್ಲಿ ಮಿಜೋರಾಂಗೆ ಸರಕು ಸಾಗಿಸುವ ಕಲಾದಾನ್ ಯೋಜನೆಗೆ 2008ರಲ್ಲಿ ಒಪ್ಪಂದವಾಗಿತ್ತು. 2023ರ ಮೇಯಲ್ಲಿ ಸಿತ್ವೆಗೆ ಮೊದಲ ಹಡಗು ಹೋಯಿತು; 2024ರ ಜನವರಿಯಲ್ಲಿ ಪಲೆತ್ವಾ ಅರಾಕಾನ್ ಸೇನೆ ಎಂಬ ಬಂಡುಕೋರ ಪಡೆಯ ಕೈಸೇರಿತು. ಒಪ್ಪಂದಕ್ಕೆ ಸಹಿ ಹಾಕಿದ ಸರ್ಕಾರ ಒಂದು, ದಾರಿ ಕಾಯುವವರು ಇನ್ನೊಬ್ಬರು.

ಪ್ರಶ್ನೆ: ಬಾಂಗ್ಲಾದೇಶಕ್ಕೂ ಥಾಯ್ಲೆಂಡಿಗೂ ಬರ್ಮಾದಿಂದ ಲಕ್ಷಾಂತರ ಜನ ಹೋಗಿದ್ದಾರೆ. ಒಂದು ದೇಶಕ್ಕೆ ಅವರು ಹೊರೆಯಾಗಿ, ಇನ್ನೊಂದಕ್ಕೆ ದುಡಿಯುವ ಕೈಯಾಗಿ ಕಾಣುವುದೇಕೆ?
– ಮಂಗಳೂರಿನ ಅರ್ಥಶಾಸ್ತ್ರ ವಿದ್ಯಾರ್ಥಿ

ಉತ್ತರ: ಈ ತಿಂಗಳ ಪತ್ರಗಳಲ್ಲಿ ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಬಂದವರ ಗುಣದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಅವರನ್ನು ಇರಿಸಿಕೊಂಡ ನಾಡಿನ ಆರ್ಥಿಕ ಸ್ಥಿತಿ ಮತ್ತು ಕಾನೂನನ್ನು ನೋಡಬೇಕು.

ಬಾಂಗ್ಲಾದೇಶಕ್ಕೆ 2017ರ ಆಗಸ್ಟ್ 25ರ ನಂತರದ ಕೆಲವೇ ತಿಂಗಳಲ್ಲಿ ಬರ್ಮಾದ ಮುಸ್ಲಿಂ ಅಲ್ಪಸಂಖ್ಯಾತರಾದ ರೋಹಿಂಗ್ಯಾಗಳು 7 ಲಕ್ಷಕ್ಕೂ ಹೆಚ್ಚು ಮಂದಿ ಬಂದರು. ಈಗ ಅಲ್ಲಿರುವ ರೋಹಿಂಗ್ಯಾಗಳ ಒಟ್ಟು ಸಂಖ್ಯೆ 10 ಲಕ್ಷ ಮೀರಿದೆ. ಅವರ ಶಿಬಿರಗಳಿರುವ ಕಾಕ್ಸ್ ಬಜಾರ್ ಜಿಲ್ಲೆಯ ಉಖಿಯಾ ಮತ್ತು ಟೆಕ್ನಾಫ್ ಉಪಜಿಲ್ಲೆಗಳಲ್ಲಿ 2011ರಲ್ಲಿದ್ದ ಸ್ಥಳೀಯರು 5 ಲಕ್ಷಕ್ಕೂ ಕಡಿಮೆ. ಅತಿಥೇಯರಿಗಿಂತ ಅತಿಥಿಗಳೇ ಇಮ್ಮಡಿಯಾದರು. ಉರುವಲಿಗಾಗಿ ಗುಡ್ಡಗಳು ಬೋಳಾದವು, ಆನೆಗಳ ದಾರಿಯಲ್ಲೇ ಶಿಬಿರ ಎದ್ದು ಜನ ಸತ್ತರು. ಅಡುಗೆ ಅನಿಲದ ಸಿಲಿಂಡರ್ ಹಂಚತೊಡಗಿದ ಮೇಲಷ್ಟೇ ಕಾಡಿಗೆ ಸ್ವಲ್ಪ ಉಸಿರು ಬಂತು. ಶಿಬಿರದವರಿಗೆ ಹೊರಗೆ ಕೆಲಸ ಮಾಡಲು ಕಾನೂನಿನ ಅನುಮತಿಯಿಲ್ಲ. ಹೊಟ್ಟೆ ಕೇಳಬೇಕಲ್ಲ; ಕದ್ದುಮುಚ್ಚಿ ದುಡಿಯುತ್ತಾರೆ, ದಿನಗೂಲಿ ಇಳಿಯುತ್ತದೆ, ಅದರ ಬಿಸಿ ತಟ್ಟುವುದು ಸ್ಥಳೀಯ ಕೂಲಿಕಾರನಿಗೆ. ಅದೇ ಹೊತ್ತಿಗೆ ಪರಿಹಾರ ಸಂಸ್ಥೆಗಳಿಂದಾಗಿ ಪಟ್ಟಣದಲ್ಲಿ ಬಾಡಿಗೆ ಏರುತ್ತದೆ, ಹೋಟೆಲು ತುಂಬುತ್ತದೆ, ಇಂಗ್ಲಿಷ್ ಬಲ್ಲ ಯುವಕರಿಗೆ ಉದ್ಯೋಗ ಸಿಗುತ್ತದೆ. ಜಿಲ್ಲೆಯ ಒಟ್ಟು ಆದಾಯದ ಲೆಕ್ಕ ನೋಡಿದರೆ ಬೆಳವಣಿಗೆಯೇ ಕಾಣಬಹುದು, ಆದರೆ ಸೌದೆ ಮಾರಿ ಬದುಕುತ್ತಿದ್ದವನ ಮನೆಯಲ್ಲಿ ಅದು ಕಾಣುವುದಿಲ್ಲ. ಜೊತೆಗೆ ಇಡೀ ವ್ಯವಸ್ಥೆ ನಿಂತಿರುವುದು ಹೊರದೇಶಗಳ ದಾನದ ಮೇಲೆ. ತಲೆಗೆ ತಿಂಗಳಿಗೆ 12 ಡಾಲರ್ ಇದ್ದ ಆಹಾರ ನೆರವನ್ನು 2023ರಲ್ಲಿ ವಿಶ್ವ ಆಹಾರ ಕಾರ್ಯಕ್ರಮ ಹಣವಿಲ್ಲದೆ ಮೊದಲು 10ಕ್ಕೆ, ಆಮೇಲೆ 8ಕ್ಕೆ ಇಳಿಸಿತು, ಮುಂದೆ ಮತ್ತೆ ಏರಿಸಿತು. ಒಂದು ಕುಟುಂಬ ತನ್ನ ಊಟಕ್ಕಾಗಿ ದೂರದ ಸಂಸತ್ತುಗಳ ಬಜೆಟ್ಟನ್ನು ಕಾಯಬೇಕು.

ಥಾಯ್ಲೆಂಡ್ ಮುಪ್ಪಾಗುತ್ತಿರುವ ದೇಶ. ಅಲ್ಲಿನ ಮೀನು ಸಂಸ್ಕರಣೆ, ಕಟ್ಟಡ ನಿರ್ಮಾಣ, ತೋಟಗಳಲ್ಲಿ ಬರ್ಮೀ ಕಾರ್ಮಿಕರು 20 ಲಕ್ಷಕ್ಕೂ ಹೆಚ್ಚು. ದಂಗೆಗೆ ದಶಕಗಳ ಹಿಂದಿನಿಂದಲೂ ಅವರು ಬರುತ್ತಿದ್ದಾರೆ. 2024ರ ಫೆಬ್ರುವರಿಯಲ್ಲಿ ಸೇನೆ ಕಡ್ಡಾಯ ಭರ್ತಿ ಪ್ರಕಟಿಸಿದ ಮೇಲೆ ಓಡಿಬಂದವರಲ್ಲಿ ಓದಿದ ಯುವಜನರೂ, ಹಣವಂತರೂ ಸೇರಿದ್ದರು. ಆ ವರ್ಷ ಥಾಯ್ಲೆಂಡಿನಲ್ಲಿ ಫ್ಲ್ಯಾಟ್ ಕೊಂಡ ವಿದೇಶೀಯರಲ್ಲಿ ಚೀನೀಯರ ನಂತರದ ಸ್ಥಾನ ಬರ್ಮೀಯರದು. ಒಂದು ದೇಶದ ಉಳಿತಾಯ ಹೀಗೆ ಪಕ್ಕದ ದೇಶದ ಇಟ್ಟಿಗೆಯಾಗುತ್ತದೆ.

ಆದರೆ ಅದೇ ಥಾಯ್ಲೆಂಡ್ ತನ್ನ ಗಡಿಯ ಒಂಬತ್ತು ಶಿಬಿರಗಳಲ್ಲಿ 1984ರಿಂದೀಚೆಗೆ ಇರುವ ಬರ್ಮಾದ ಸುಮಾರು 90,000 ನಿರಾಶ್ರಿತರನ್ನು ಹೊರಗೆ ದುಡಿಯಲು ಬಿಟ್ಟಿರಲಿಲ್ಲ. ಅಲ್ಲೇ ಹುಟ್ಟಿ, ಅಲ್ಲೇ ಮಕ್ಕಳ ತಂದೆತಾಯಿಯಾದವರು ಅಕ್ಕಿಯ ಪಡಿತರದ ಮೇಲೆಯೇ ಇದ್ದರು. 2025ರಲ್ಲಿ ಎರಡು ಸಂಗತಿ ಒಟ್ಟಿಗೆ ಘಟಿಸಿದವು. ಅಮೆರಿಕದ ನೆರವು ಕಡಿತವಾಗಿ ಶಿಬಿರಗಳ ಪಡಿತರ ಬಹುಪಾಲು ನಿಂತಿತು. ಜುಲೈನಲ್ಲಿ ಕಾಂಬೋಡಿಯಾದೊಡನೆ ಗಡಿ ಘರ್ಷಣೆಯಾಗಿ ಲಕ್ಷಾಂತರ ಕಾಂಬೋಡಿಯಾ ಕಾರ್ಮಿಕರು ಊರಿಗೆ ಮರಳಿದರು. ಆಗಸ್ಟ್ ಕೊನೆಯಲ್ಲಿ ಥಾಯ್ ಸಚಿವ ಸಂಪುಟ ಶಿಬಿರವಾಸಿಗಳಿಗೆ ದುಡಿಯುವ ಅನುಮತಿ ನೀಡಲು ಒಪ್ಪಿತು. ನಲವತ್ತು ವರ್ಷ ಹೊರೆಯೆನಿಸಿಕೊಂಡವರು ಒಂದು ಸಭೆಯ ತೀರ್ಮಾನದಿಂದ ಕಾರ್ಮಿಕರಾದರು. ನಿಮ್ಮ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಪ್ರಶ್ನೆ: ಈ ಕಲಹದಿಂದ ಚೀನಾಕ್ಕೆ ಲಾಭವೋ ನಷ್ಟವೋ?
– ಹಾಸನದ ಓದುಗರು

ಉತ್ತರ: ಎರಡೂ. ಬರ್ಮಾದ ಬಂಗಾಳ ಕೊಲ್ಲಿಯ ಚಾವ್‌ಪ್ಯೂ ತೀರದಿಂದ ತನ್ನ ಕುನ್‌ಮಿಂಗ್ ನಗರಕ್ಕೆ ತೈಲ ಮತ್ತು ಅನಿಲದ ಕೊಳವೆಗಳನ್ನು ಹಾಕಿಕೊಂಡಿರುವ ಚೀನಾಕ್ಕೆ ಅಲ್ಲಿ ಯಾರು ಆಳುತ್ತಾರೆ ಎನ್ನುವುದಕ್ಕಿಂತ ಕೊಳವೆ ಸುರಕ್ಷಿತವಾಗಿದೆಯೇ ಎನ್ನುವುದು ಮುಖ್ಯ. ವಿದ್ಯುತ್ ವಾಹನಗಳ ಮೋಟಾರಿಗೆ ಬೇಕಾಗುವ ಭಾರ ವಿರಳ ಭಸ್ಮ ಲೋಹಗಳ ಅದಿರು ಬಹುಪಾಲು ಬರ್ಮಾದ ಕಚಿನ್ ಬೆಟ್ಟಗಳಿಂದ ಚೀನಾಕ್ಕೆ ಹೋಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಆ ಗಣಿಗಳ ಕೇಂದ್ರವಾದ ಪಂಗ್ವಾವನ್ನು ಕಚಿನ್ ಬಂಡುಕೋರರು ಹಿಡಿದಾಗ ಸಾಗಣೆಗೆ ಅಡ್ಡಿಯಾಯಿತು. ಚೀನಾದ ಹತ್ತಿರ ಉಳಿದ ನೆರೆಯವರಿಗಿಲ್ಲದ ಹತೋಟಿಯಿದೆ. ಗಡಿಯ ಕಟ್ಟೆಗಳನ್ನು ಮುಚ್ಚಿದರೆ ಆಚೆ ಔಷಧ, ಇಂಧನ, ಅಕ್ಕಿ ಎಲ್ಲವೂ ತುಟ್ಟಿಯಾಗುತ್ತವೆ. 2024ರ ಆಗಸ್ಟ್‌ನಲ್ಲಿ ಬಂಡುಕೋರರು ಗೆದ್ದ ಲಾಶಿಯೋ ನಗರವನ್ನು ಇಂಥ ಒತ್ತಡದಿಂದಲೇ 2025ರ ಏಪ್ರಿಲ್‌ನಲ್ಲಿ ಸೇನೆಗೆ ಮರಳಿ ಕೊಡಿಸಿತು.

ಪ್ರಶ್ನೆ: ನನ್ನ ಮಗನಿಗೆ ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವಿದೆ, ತಿಂಗಳಿಗೆ ಲಕ್ಷ ರೂಪಾಯಿ, ವಿಮಾನದ ಟಿಕೆಟ್ ಕಂಪನಿಯದೇ ಎಂದು ಏಜೆಂಟರೊಬ್ಬರು ಹೇಳಿದ್ದಾರೆ. ಬರ್ಮಾ ಗಡಿಯ ಸುದ್ದಿ ಓದಿ ಭಯವಾಗಿದೆ. ಕಳುಹಿಸಬಹುದೇ?
– ಬೆಂಗಳೂರಿನ ತಂದೆಯೊಬ್ಬರು

ಉತ್ತರ: ನೀವು ಬರೆದ ವಿವರಗಳಷ್ಟರಿಂದ ಹೇಳುವುದಾದರೆ, ಈಗ ಕಳುಹಿಸಬೇಡಿ. ಥಾಯ್ಲೆಂಡಿನ ಮೇ ಸೋತ್ ಪಟ್ಟಣದ ಎದುರು, ಮೊಯ್ ನದಿಯ ಆಚೆ ದಡದ ಮ್ಯಾವಡಿ ಪ್ರದೇಶದಲ್ಲಿ, ಸರ್ಕಾರದ ಹಿಡಿತ ಸಡಿಲವಾಗಿ ಸ್ಥಳೀಯ ಸಶಸ್ತ್ರ ಗುಂಪುಗಳ ನೆರಳಿನಲ್ಲಿ ಆನ್‌ಲೈನ್ ವಂಚನೆಯ ದೊಡ್ಡ ದೊಡ್ಡ ಆವರಣಗಳು ಬೆಳೆದಿವೆ. ಬ್ಯಾಂಕಾಕಿಗೆ ಇಳಿಸಿ, ಕಾರಿನಲ್ಲಿ ಮೇ ಸೋತ್‌ಗೆ ಕರೆದೊಯ್ದು, ರಾತ್ರಿ ನದಿ ದಾಟಿಸಿ, ಪಾಸ್‌ಪೋರ್ಟ್ ಕಸಿದುಕೊಂಡು, ಅಪರಿಚಿತರನ್ನು ಫೋನಿನಲ್ಲಿ ವಂಚಿಸುವ ಕೆಲಸಕ್ಕೆ ಹಚ್ಚುತ್ತಾರೆ, ಒಪ್ಪದವರಿಗೆ ಹೊಡೆತ. 2025ರ ಜನವರಿಯಲ್ಲಿ ಚೀನಾದ ನಟನೊಬ್ಬ ಹೀಗೆ ಸಿಕ್ಕಿಬಿದ್ದ ಸುದ್ದಿ ಹಬ್ಬಿದಾಗ ಚೀನೀ ಪ್ರವಾಸಿಗರು ಥಾಯ್ಲೆಂಡಿಗೆ ಬರಲು ಹಿಂಜರಿದರು. ಫೆಬ್ರುವರಿ 5ರಂದು ಥಾಯ್ಲೆಂಡ್ ಗಡಿಯಾಚೆಯ ಐದು ಕಡೆಗಳಿಗೆ ವಿದ್ಯುತ್ ನಿಲ್ಲಿಸಿತು. ಮಾರ್ಚ್‌ನಲ್ಲಿ ಭಾರತದ ವಾಯುಪಡೆಯ ವಿಮಾನಗಳು ಎರಡು ದಿನಗಳಲ್ಲಿ ಮೇ ಸೋತ್‌ನಿಂದ 549 ಭಾರತೀಯರನ್ನು ಕರೆತಂದವು. ಆವರಣಗಳು ಇನ್ನೂ ಪೂರ್ತಿ ಬರಿದಾಗಿಲ್ಲ.

ಕಳುಹಿಸುವ ಯೋಚನೆ ಉಳಿದಿದ್ದರೆ ಮೂರು ವಿಷಯ ಪರಿಶೀಲಿಸಿ. ಏಜೆಂಟರ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದ ನೋಂದಾಯಿತರ ಪಟ್ಟಿಯಲ್ಲಿದೆಯೇ? ಮಗನ ಪಾಸ್‌ಪೋರ್ಟಿನ ಮೇಲೆ ಹೊರಡುವ ಮೊದಲೇ ಉದ್ಯೋಗದ ವೀಸಾ ಬೀಳುತ್ತದೆಯೇ, ಇಲ್ಲ ‘ಪ್ರವಾಸಿಯಾಗಿ ಹೋಗಲಿ, ಅಲ್ಲಿ ಬದಲಾಯಿಸೋಣ’ ಎನ್ನುತ್ತಿದ್ದಾರೆಯೇ? ಕಂಪನಿಯ ವಿಳಾಸ ಮತ್ತು ನೇಮಕ ಪತ್ರವನ್ನು ಬ್ಯಾಂಕಾಕಿನ ಭಾರತೀಯ ರಾಯಭಾರ ಕಚೇರಿಗೆ ಮಿಂಚಂಚೆಯಲ್ಲಿ ಕಳುಹಿಸಿ ವಿಚಾರಿಸಲು ಏಜೆಂಟರು ಒಪ್ಪುತ್ತಾರೆಯೇ? ‘ಸೀಟು ನಾಳೆಗೇ ಹೋಗಿಬಿಡುತ್ತದೆ’ ಎಂದು ಅವಸರಪಡಿಸಿದರೆ ಹೋಗಲಿ ಬಿಡಿ.